ಮಾವ ಓಡುವುದಿಲ್ಲ

ನಮ್ಮ ತಿಕೋಂಡಿ ಮಾವನಷ್ಟು ಡಾಕ್ಟರ ಮಾತು ಕೇಳುವ ಪೇಶಂಟು ಇಡೀ ಜತ್ತ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ! ತೊಂದರೆ ಇಷ್ಟೇ, ಡಾಕ್ಟರು ಹೇಳುವುದೊಂದು, ಮಾವ ಕೇಳಿಸಿಕೊಳ್ಳುವುದು ಇನ್ನೊಂದು.

ಅವನಿಗೆ ನೆಟ್ಟಗಿದ್ದದ್ದು ಒಂದೇ ಕಿಡ್ನಿ. ಅದರ ದಾರಿಗೂ ಕಲ್ಲು ಅಡ್ಡ ಬಂತು. ಸಾಂಗಲಿಯ ಡಾಕ್ಟರು ಬೆನ್ನಿನಿಂದ ಕಿಡ್ನಿಗೆ ತೆಳ್ಳನೆಯ ನಳಿ ಇಳಿಸಿ, ತುದಿಗೆ ಮೂತ್ರದ ಚೀಲ ಕಟ್ಟಿ, ನಳಿ ಚರ್ಮದೊಳಗೆ ಹೋಗುವಲ್ಲಿ ಅದರ ಮೇಲೆ ಶಾಯಿಯ ಗುರುತು ಹಾಕಿ, "ನಳೀ ಓಢೂ ನಕಾ" ಎಂದರು. ಮರಾಠಿಯಲ್ಲಿ ಹಾಗೆಂದರೆ ನಳಿ ಎಳೆಯಬೇಡಿ ಎಂದು. ಮಾವ ಕೇಳಿದ್ದು ಕನ್ನಡದ ಕಿವಿಯಿಂದ. ಓಡಬೇಡಿ!

ಸರಿ, ಅಂದಿನಿಂದ ಓಡುವುದು ಬಂದ್! ನಾಯಿ ಬೊಗಳುತ್ತ ಬೆನ್ನು ಹತ್ತಿದರೂ ಅದೇ ಗತ್ತಿನ ನಡಿಗೆ.

"ಲಗೂನ ಬರ್ರಿ, ಕಚ್ಚತೈತಿ!" ಎಂದು ಅತ್ತೆ ಬಾಗಿಲಲ್ಲಿ ನಿಂತು ಚೀರಿದಳು.

"ಕಚ್ಚಲಿ! ಡಾಕ್ಟರ್ ಮಾತ ಮುರ್ಯಾಂವ ಅಲ್ಲ ನಾ!"

ಎಳೆಯುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲವಲ್ಲ! ಅಂಗಿ ತೊಡುವಾಗೊಮ್ಮೆ, ಮಗ್ಗಲು ಬದಲಿಸುವಾಗೊಮ್ಮೆ ನಳಿ ಜಗ್ಗುತ್ತ ಹೋದ. ಒಂದು ದಿನ ನೋಡಿದರೆ ಗುರುತು ನಾಲ್ಕು ಬೆರಳು ಹೊರಗೆ, ಚೀಲ ಒಣ ಒಣ, ಮಾವನಿಗೆ ಚಳಿಜ್ವರ. "ನಾ ಎಲ್ಲಿಗೂ ಬರಾಂಗಿಲ್ಲ" ಎಂದು ಹಟ ಹಿಡಿದವನನ್ನು ಜೀಪಿಗೆ ಹಾಕಿಕೊಂಡು ಹೊರಟೆ.

"ನಳಿ ಹೋಗಿದ್ದ ಹಳೆಯ ದಾರಿ ಮುಚ್ಚಿಬಿಟ್ಟರೆ ಈ ಕಿಡ್ನಿ ಉಳಿಯುವುದು ಕಷ್ಟ" ಎಂದು ನನಗೆ ಹೇಳಿದ ಡಾಕ್ಟರು, ಮಾವನತ್ತ ತಿರುಗಿ "ಓಢಲೀ ಕಾ?" ಎಂದು ಗದರಿದರು.

"ಇಲ್ರೀ ಸಾಹೇಬ್ರ! ನಾಯಿ ಬೆನ್ನ ಹತ್ತಿದ್ರೂ ಓಡಿಲ್ಲ!"

ಪುಣ್ಯಕ್ಕೆ ದಾರಿ ಮುಚ್ಚಿರಲಿಲ್ಲ. ಅದರಲ್ಲೇ ತಂತಿ ತೂರಿಸಿ ಹೊಸ ನಳಿ ಇಳಿಸಿದರು, ಹೊಲಿಗೆ ಹಾಕಿದರು, ಹೊಸ ಗುರುತು ಹಾಕಿದರು. ನಾನು ಮಾವನಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಿದೆ.

"ಏ, ನನಗ ಮರಾಠಿ ಕಲಸ್ತಿ ಏನು? ಬೇಕಾದ್ರ ಎಳ್ಯಾಂಗಿಲ್ಲ. ಆದ್ರ ಓಡಾಂಗೂ ಇಲ್ಲ!"

ಸೋಲೊಪ್ಪುವ ಜಾಯಮಾನವೇ ಅಲ್ಲ, ಬಿಡಿ.

ಬಸ್ಸಿನಲ್ಲಿ ಮರಳುವಾಗ ಜತ್ತದ ಸ್ಟ್ಯಾಂಡಿನಲ್ಲಿ ನೀರು ತರಲು ಇಳಿದೆ. ಅಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು! ಮಾವ ಕಂಡಕ್ಟರನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಾಬರಿಯಲ್ಲಿ ಅದೂ ಹೊಳೆಯದೆ, ಚೀಲವನ್ನು ಎದೆಗವಚಿಕೊಂಡು ಬಸ್ಸಿನಿಂದ ಜಿಗಿದು ನನ್ನ ಕಡೆ ಓಡಿ ಬಂದ. ಹೌದ್ರೀ, ಓಡಿ! ಬಸ್ಸು ನಮ್ಮಿಬ್ಬರನ್ನೂ ಬಿಟ್ಟು ಹೋಯಿತು.

"ಮಾವಾ, ಓಡಿಬಿಟ್ಟೆಲ್ಲ!"

"ಮತ್ತೇನ ಮಾಡ್ಲಿ? ನೀ ಒಬ್ಬಾವನ ಹಿಂದ ಉಳದಿದ್ದೆಲ್ಲೋ..."

ಏದುಸಿರು ಬಿಡುತ್ತ, ನಲವತ್ತು ದಾಟಿದ ನನ್ನ ಕೈ ಹಿಡಿದುಕೊಂಡ. ಇನ್ನೊಂದು ಕೈಯಿಂದ ಅವನ ಅಂಗಿ ಎತ್ತಿ ನೋಡಿದೆ. ಗುರುತು ಇದ್ದಲ್ಲೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಮುಂದಿನ ಬಸ್ಸು ಬರುವವರೆಗೂ ಮಾವ ನನ್ನ ಕೈ ಬಿಡಲಿಲ್ಲ.