ಮೂಡುಬಿದಿರೆಯಿಂದ ಬಂದ ಬಣ್ಣದ ಪ್ರಿಂಟರ್

ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಬಂದು ಬಾಗಿಲು ತಟ್ಟುತ್ತದೆ, ಎಷ್ಟೋ ಸಲ ಜಗಳದ ವೇಷದಲ್ಲಿ. ನನಗಂತೂ ಹೀಗೆ ಆಗುತ್ತಲೇ ಇತ್ತು.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಬೆಳ್ತಂಗಡಿಯ ಒಂದು ಪ್ರೆಸ್ಸಿನಲ್ಲಿ ಮದುವೆಯ ಆಮಂತ್ರಣದ ಕಾಗದ, ಬಿಲ್ ಪುಸ್ತಕ ಡಿಸೈನ್ ಮಾಡುತ್ತಿದ್ದ ನಾನು ಮಗಳು ಹುಟ್ಟಿದ ಮೇಲೆ ಆ ಕೆಲಸ ಬಿಟ್ಟೆ. ಬಂಟ್ವಾಳ ಪೇಟೆಯ ನಮ್ಮ ಮನೆಯ ಎದುರಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಕೂತೆ. ಅತ್ತೆ ತಮ್ಮ ಹಳೆಯ ಸೀರೆಯಿಂದ ಅದಕ್ಕೆ ನೆರಿಗೆಯಿಟ್ಟು ಒಂದು ಮುಸುಕು ಹೊಲಿದುಕೊಟ್ಟರು. ಡಿಸೈನ್ ನನ್ನದು, ಗಿರಾಕಿ ಒಪ್ಪಿದ ಮೇಲೆ ಅಚ್ಚು ಹಾಕುವುದು ಮಂಗಳೂರಿನ ಪ್ರೆಸ್ಸಿನವರು. ಗಿರಾಕಿ ಒಪ್ಪದಿದ್ದರೆ ಮಗಳನ್ನು ಬಿಟ್ಟು ಪುನಃ ಬೆಳ್ತಂಗಡಿಯ ಬಸ್ಸು ಹತ್ತಬೇಕು. ಆ ಹೆದರಿಕೆ ನನಗೆ ಯಾವಾಗಲೂ ಇತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನಾನು ಗಿರಾಕಿಗಳ ಎದುರು ಬೆಣ್ಣೆಯಂತೆ ಇರುತ್ತಿದ್ದದ್ದು ಆ ಕಾರಣಕ್ಕೆ.

ಟಿವಿಯಲ್ಲಿ ಲಾಯ್ಕ

ಮೊದಲು ಬಂದ ಗಿರಾಕಿ ಮಡಂತ್ಯಾರಿನ ಒಬ್ಬ ಹೋಟೆಲಿನವರು. ಹೊಸ ಮನೆಯ ಗೃಹಪ್ರವೇಶಕ್ಕೆ ಕಾಗದ ಆಗಬೇಕಿತ್ತು. ನಾನು ಎರಡು ದಿನ ಕೂತು, ನಾಲ್ಕು ಬದಿಗೆ ಮಾವಿನೆಲೆಯ ತೋರಣ ಬರೆದು, ಅವರನ್ನು ಕರೆದು ಮಾನಿಟರ್ ಎದುರು ಕೂರಿಸಿದೆ.

“ಹೇಗುಂಟು?” ಎಂದೆ.

“ಲಾಯ್ಕ ಉಂಟು. ಆದರೆ ಇದು ಟಿವಿಯಲ್ಲಿ ಅಲ್ವಾ? ಟಿವಿಯಲ್ಲಿ ಎಲ್ಲವೂ ಲಾಯ್ಕವೇ ಕಾಣುವುದು.”

“ಕಾಗದದಲ್ಲೂ ಹೀಗೆಯೇ ಬರ್ತದೆ.”

“ನನಗೆ ನಂಬಿಕೆ ಉಂಟು ಮಾರಾಯ್ರೆ. ನನ್ನ ಹೆಂಡತಿಗೆ ತೋರಿಸ್ಬೇಕಲ್ಲ? ಅವಳು ಕೈಯಲ್ಲಿ ಹಿಡಿದು ನೋಡದೆ ಬದನೆಕಾಯಿ ಸಹ ತೆಗೊಳ್ಳುವವಳಲ್ಲ.”

ಹಾಗಾದರೆ ಅವರನ್ನೇ ಕರೆದುಕೊಂಡು ಬನ್ನಿ ಎಂದೆ. ಅವರಿಗೆ ಮೊಣಕಾಲು ನೋವಂತೆ. ಹೋಟೆಲಿನವರು ಎದ್ದು ಮಾನಿಟರಿನ ಹಿಂದೆ ಹೋಗಿ, ಅದರ ಬೆನ್ನು ತಟ್ಟಿ, ಒಂದು ಬದಿಯನ್ನು ಮೆಲ್ಲ ಎತ್ತಿ ಭಾರ ನೋಡಿದರು.

“ಒಂದು ಕೆಲಸ ಮಾಡುವ. ನಾನು ಜೀಪು ತಂದಿದ್ದೇನೆ. ಈ ಟಿವಿಯನ್ನು ಹೀಗೆಯೇ ಎತ್ತಿ ಹಿಂದೆ ಇಡುವ. ಅವಳಿಗೆ ತೋರಿಸಿ ಸಂಜೆಯೊಳಗೆ ವಾಪಸ್ ತಂದುಕೊಡ್ತೇನೆ.”

ಮುಖದ ನಗು ಬಿಡದೆ ನಾನೆಂದೆ, “ವಯರ್ ತೆಗೆದರೆ ಚಿತ್ರ ಹೋಗ್ತದೆ.”

“ನೋಡಿದ್ರಾ?” ಎಂದು ಅವರು ಗೆದ್ದವರಂತೆ ನನ್ನತ್ತ ನೋಡಿದರು. “ನಾನು ಹೇಳಿದ್ದೂ ಅದೇ ಅಲ್ವಾ? ಟಿವಿಯಲ್ಲಿ ಮಾತ್ರ ಲಾಯ್ಕ!”

ಮೂರು ಗಣಪತಿ

ಆ ಹೋಟೆಲಿನವರು ಮಂಗಳೂರಿಗೇ ಹೋದರು. ಅವರ ಹಿಂದೆ ಇನ್ನೂ ಕೆಲವರು ಹೋದರು. ಕೈಗೆ ಕಾಗದ ಕೊಡದೆ ಈ ಊರಿನಲ್ಲಿ ಬದುಕುವ ಹಾಗಿಲ್ಲ ಎಂದು ಗೊತ್ತಾಯಿತು. ಒಂದು ಬಣ್ಣದ ಪ್ರಿಂಟರ್ ಬೇಕು. ಕ್ರಯ ಕಡಿಮೆ ಇರಬೇಕು, ಬಣ್ಣ ಸರಿ ಬರಬೇಕು. ಈ ಎರಡೂ ಒಟ್ಟಿಗೆ ಸಿಗುವ ವಸ್ತುವನ್ನು ಹುಡುಕಿಕೊಂಡು ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಗೆ ಹೊರಟೆ. ನನ್ನ ಕೈಗೆ ಅಷ್ಟು ದುಡ್ಡು ಕೊಟ್ಟು ಒಬ್ಬಳನ್ನೇ ಕಳಿಸುವ ಧೈರ್ಯ ಸಾಲದೆ ಅತ್ತೆಯೂ ಹೊರಟರು.

“ಡಿಸೈನ್ ಕೆಲಸಕ್ಕೆ ಯಾವುದು ಒಳ್ಳೆಯದು?” ಎಂದು ಅಂಗಡಿಯವರನ್ನು ಕೇಳಿದೆ.

“ಎಲ್ಲವೂ ಒಳ್ಳೆಯದೇ ಅಕ್ಕ, ಶಾಯಿ ಮುಗಿಯುವ ತನಕ,” ಎಂದರು ಅವರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

ಪ್ರಿಂಟರ್ ಹೇಗುಂಟೆಂದು ತೋರಿಸಲು ಅವರು ಒಂದು ಗಿಳಿಯ ಚಿತ್ರ ತೆಗೆದುಕೊಟ್ಟರು. ಗಿಳಿ ಚಂದವೇ ಇತ್ತು. ಆದರೆ ನಮ್ಮ ಕಡೆ ಗಿಳಿ ಇಟ್ಟು ಯಾರೂ ಮದುವೆ ಕಾಗದ ಮಾಡಿಸುವುದಿಲ್ಲ. ನನ್ನ ಫ್ಲಾಪಿಯಲ್ಲಿದ್ದ ಗಣಪತಿಯನ್ನು ಮೂರು ಪ್ರಿಂಟರಿನಲ್ಲೂ ತೆಗೆಯಲು ಹೇಳಿದೆ. ಮೊದಲನೆಯದರಲ್ಲಿ ಗಣಪತಿ ನೇರಳೆ ಹಣ್ಣಿನ ಬಣ್ಣದಲ್ಲಿ ಬಂದ. ಎರಡನೆಯದರಲ್ಲಿ ಮೈಯೆಲ್ಲ ಗೆರೆ. ಮೂರನೆಯದರಲ್ಲಿ ಮಾತ್ರ ಸರಿಯಾದ ಕೆಂಪು, ಕ್ರಯವೂ ನಮ್ಮ ಅಳವಿನೊಳಗೆ ಇತ್ತು. ಅದನ್ನೇ ಕೊಡಿ ಎಂದೆ. ಅಂಗಡಿಯವರು ಸಂತೋಷದಿಂದ ಉಳಿದ ಎರಡು ಹಾಳೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರು.

“ಅಯ್ಯೋ ದೇವರೇ! ಗಣಪತಿಯನ್ನು ಕಸದ ಬುಟ್ಟಿಗಾ?” ಎಂದು ಅತ್ತೆ ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಅಂಗಡಿಯವರು ಬೆದರಿ ಎರಡು ಗಣಪತಿಯನ್ನೂ ಕೈಯಿಂದ ಉಜ್ಜಿ ಉಜ್ಜಿ ನೇರ ಮಾಡಿಕೊಟ್ಟರು. ಅತ್ತೆ ಅವನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಬಂದರು.

ಅಲ್ಲಿಂದ ಶುರುವಾಯಿತು. ಶಾಯಿ ಕಟ್ಟಿಕೊಂಡಾಗಲೆಲ್ಲ ಬಣ್ಣ ಸರಿ ಬರುತ್ತದೋ ಎಂದು ನಾನು ಗಣಪತಿಯನ್ನು ತೆಗೆದು ನೋಡುತ್ತಿದ್ದೆ. ಒಂದರಲ್ಲಿ ಸೊಂಡಿಲಿಲ್ಲ, ಒಂದರಲ್ಲಿ ಇಲಿ ಮಾತ್ರ ಉಂಟು. ಯಾವುದನ್ನೂ ಎಸೆಯುವಂತಿಲ್ಲ, ಸುಡುವಂತಿಲ್ಲ. ದೇವರ ಕೋಣೆಯಲ್ಲಿ ಹಾಳೆಗಳ ಅಟ್ಟಿ ಬೆಳೆಯಿತು. ಕೊನೆಗೆ ಚೌತಿಯ ಮರುದಿನ ಅತ್ತೆ ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ, ಅಕ್ಷತೆ ಹಾಕಿ, ನೇತ್ರಾವತಿಗೆ ಬಿಟ್ಟು ಬಂದರು.

ಇನ್ನು ಈ ರಗಳೆ ಬೇಡವೆಂದು ನಾನು ಪರೀಕ್ಷೆಗೆ ಬೇರೆ ಚಿತ್ರ ಹುಡುಕಿದೆ. ಕೆಂಪು ಕುಂಕುಮ, ಹಸಿರು ಸೀರೆ, ಹಳದಿ ಹೂ, ಬೇಕಾದ ಬಣ್ಣವೆಲ್ಲ ಒಂದೇ ಕಡೆ ಇದ್ದದ್ದು ಅತ್ತೆಯ ಫೋಟೋದಲ್ಲಿ. ಒಂದು ವಾರ ಎಲ್ಲ ಸರಿಯಿತ್ತು. ಒಂದು ದಿನ ಕೋಣೆ ಗುಡಿಸಲು ಬಂದ ಅತ್ತೆ ಬುಟ್ಟಿಯಿಂದ ಮುದ್ದೆಯೊಂದನ್ನು ತೆಗೆದು ಬಿಡಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಣ್ಣಗೆ ಹೇಳಿದರು, “ಗಣಪತಿಗಾದರೂ ಹೊಳೆ ಸಿಕ್ಕಿತು. ನನಗೆ ಕಸದ ಬುಟ್ಟಿಯಾ?”

ಭಾರೀ ಕ್ರಯದ ಸಣ್ಣ ಬಾಕ್ಸು

ಅಂಗಡಿಯವರು ಹೇಳಿದ್ದು ಸುಳ್ಳಾಗಲಿಲ್ಲ. ಮದುವೆಗಳ ತಿಂಗಳಲ್ಲೇ ಬಣ್ಣದ ಶಾಯಿ ಮುಗಿಯಿತು. ಬಂಟ್ವಾಳದಲ್ಲಿ ಇಲ್ಲ, ಮೂಡುಬಿದಿರೆಯಲ್ಲಿ ಇಲ್ಲ, ಮಂಗಳೂರಿನಲ್ಲಿ “ಮುಂದಿನ ವಾರ” ಎನ್ನುತ್ತಾರೆ. ಆಗ ನೆನಪಾದದ್ದು ಪಕ್ಕದ ಮನೆ. ಅದು ತಲೆಮಾರುಗಳಿಂದ ನಮ್ಮ ನೆರೆಯಲ್ಲೇ ಇರುವ ಬ್ಯಾರಿ ಕುಟುಂಬ. ಆ ಮನೆಯ ಯಜಮಾನರು ಗಲ್ಫಿನಿಂದ ರಜೆಗೆ ಬರುವವರಿದ್ದರು. ನಾನು ಅವರಿಗೆ ಫೋನು ಮಾಡಿ ಶಾಯಿ ಡಬ್ಬಿಯ ನಂಬ್ರ ಹೇಳಿದೆ.

ನನಗೂ ಆ ಮನೆಯ ಹೆಂಗಸಿಗೂ ಬೇಲಿಯ ಎರಡು ಬದಿ ನಿಂತು ಮಾತಾಡದ ದಿನವಿರಲಿಲ್ಲ. ಆದರೆ ಆ ವಾರ ಅವಳು ನನ್ನನ್ನು ಕಂಡರೆ ಮುಖ ತಿರುಗಿಸಿ ಒಳಗೆ ಹೋಗತೊಡಗಿದಳು. ಮಗಳಿಗೆ ಕೊಡುತ್ತಿದ್ದ ಪತ್ತಿರ್ ರೊಟ್ಟಿಯೂ ನಿಂತಿತು. ಯಾಕೆಂದು ನನಗೆ ತಲೆಬುಡ ಗೊತ್ತಾಗಲಿಲ್ಲ, ಬೇಜಾರು ಮಾತ್ರ ತುಂಬ ಆಯಿತು.

ಗಂಡ ಬಂದ ಮರುದಿನ ಅವಳೇ ಬೇಲಿಯ ಹತ್ತಿರ ಬಂದು ಕರೆದಳು. ನೋಡಿದರೆ ಎರಡು ಅಂಗೈಯೂ ಕೆಂಪು, ಹಳದಿ, ನೀಲಿ.

“ಅಕ್ಕಾ, ನೀನು ಬೇಜಾರು ಮಾಡ್ಬಾರ್ದು. ಇವರು ಫೋನಿನಲ್ಲಿ ಎಂತ ಹೇಳಿದ್ದು ಗೊತ್ತುಂಟಾ? ‘ಪಕ್ಕದ ಮನೆಯವಳಿಗೆ ಒಂದು ಸಣ್ಣ ಬಾಕ್ಸ್ ತರ್ತಾ ಇದ್ದೇನೆ, ಭಾರೀ ಕ್ರಯದ್ದು, ಜಾಗ್ರತೆ’ ಅಂತ. ನನಗೆ ತಂದದ್ದು ಸೋಪು, ಸೆಂಟು! ಮತ್ತೆ ನಾನು ಬಾಕ್ಸ್ ಬಿಡಿಸಿ ನೋಡದೆ ಇರುವುದು ಹೇಗೆ?”

ಪಾಪ, ಬಂಗಾರ ಉಂಟೆಂದು ಡಬ್ಬಿಯ ಪಟ್ಟಿ ಕಿತ್ತು, ತಳಕ್ಕೆ ಬೆರಳು ಹಾಕಿ, ಕುಲುಕಿ ಕುಲುಕಿ ನೋಡಿದ್ದಾಳೆ. ಅರ್ಧ ಶಾಯಿ ಅವಳ ಕೈಯಲ್ಲೇ ಇತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

“ಇದಕ್ಕಾ ಅಷ್ಟು ಕ್ರಯ?” ಎಂದು ಅವಳು ಅಂಗೈ ಎತ್ತಿ ತೋರಿಸಿದಳು. “ನಮ್ಮ ಮನೆಯ ಮದರಂಗಿ ಇದಕ್ಕಿಂತ ಲಾಯ್ಕ ಹಿಡೀತದೆ.”

ಮೀಸೆಯ ತನಕ

ಮಳೆಗಾಲದಲ್ಲಿ ಕರೆಂಟಿಗೂ ನನಗೂ ಮಾತುಕತೆ ಇರಲಿಲ್ಲ. ಒಂದು ಹಾಳೆ ಹೊರಬರಲು ಪ್ರಿಂಟರ್ ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು. ಟರ್ರ್ ಟರ್ರ್ ಎಂದು ಆ ಕಡೆಯಿಂದ ಈ ಕಡೆ ಓಡಾಡುವ ಆ ಸದ್ದಿಗೆ ಮಗಳು ತೊಟ್ಟಿಲಿನಲ್ಲಿ ನಿದ್ದೆ ಹೋಗುತ್ತಿದ್ದಳು. ಈಗಿನ ಪ್ರಿಂಟರ್‌ಗಳಿಗೆ ಸದ್ದೇ ಇಲ್ಲ. ಆ ಸದ್ದು ಒಮ್ಮೆ ಕೇಳಬೇಕೆಂದು ನನಗೆ ಈಗಲೂ ಆಸೆಯಾಗುತ್ತದೆ.

ಚಾರ್ಮಾಡಿಯ ಒಂದು ಕಬಡ್ಡಿ ಸಂಘದ ಅಧ್ಯಕ್ಷರು ತಮ್ಮ ಫೋಟೋ ಇರುವ ಪೋಸ್ಟರಿನ ಮಾದರಿ ನೋಡಲು ಬಂದಿದ್ದರು. ಹಾಳೆಯಲ್ಲಿ ತಲೆ ಬಂತು, ಹಣೆ ಬಂತು, ಮೂಗು ಬಂತು, ಮೀಸೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಪುನಃ ತೆಗೆದೆ, ಪುನಃ ಮೀಸೆಯ ತನಕ. ಹೊರಗೆ ಕೊನೆಯ ಬಸ್ಸಿನ ಹೊತ್ತಾಗಿತ್ತು. ಅವರು ಆ ಅರ್ಧ ಹಾಳೆಯನ್ನೇ ಮಡಚಿ ಕಿಸೆಗೆ ಹಾಕಿಕೊಂಡು ಎದ್ದರು.

“ಸಾಕು ಅಕ್ಕ, ಅಚ್ಚಿಗೆ ಕಳಿಸಿ. ಗುರುತು ಸಿಗುವುದು ಮೀಸೆಯ ತನಕವೇ. ಕೆಳಗೆ ಎಲ್ಲ ಅಧ್ಯಕ್ಷರೂ ಒಂದೇ.”

ತೀರ್ಥ

ಈಗಲೂ ನೆನೆದು ಒಬ್ಬಳೇ ನಗುವುದು ವಾಮದಪದವಿನ ಒಂದು ಮದುವೆಯನ್ನು. ಆ ದಿನ ಮಾತ್ರ ನಗು ಬಂದಿರಲಿಲ್ಲ.

ಮದುಮಗಳು ಶಾಲೆಯ ಟೀಚರು. ಹುಡುಗನನ್ನು ಅವಳೇ ಮೆಚ್ಚಿದ್ದಳು. ಮನೆಯ ಯಜಮಾನರಾದ ಅಜ್ಜನನ್ನು ಒಪ್ಪಿಸುವಷ್ಟರಲ್ಲಿ ಎಲ್ಲರೂ ಸೋತು ಸುಣ್ಣವಾಗಿದ್ದರು. ಅಂತೂ ಒಪ್ಪಿದ ಅಜ್ಜ, ಗುರುವಾರ ಒಳ್ಳೆಯ ದಿನ, ಅವತ್ತೇ ಮೊದಲ ಕಾಗದ ದೇವಸ್ಥಾನದಲ್ಲಿ ಇಡಬೇಕು ಎಂದರು. ಪ್ರೆಸ್ಸಿನವರು ಕೊಡುವುದು ಸೋಮವಾರ. “ಅಕ್ಕಾ, ನಿಮ್ಮ ಪ್ರಿಂಟರಿನಲ್ಲೇ ಒಂದು ಒಳ್ಳೆಯದು ಮಾಡಿಕೊಡಿ,” ಎಂದು ಹುಡುಗಿ ಕೇಳಿಕೊಂಡಳು. ಗಣಪತಿ, ಅಜ್ಜನ ಹೆಸರು, ವಧೂವರರ ಹೆಸರು ಕೆಂಪಿನಲ್ಲಿ, ಉಳಿದದ್ದು ಕಪ್ಪಿನಲ್ಲಿ. ದಪ್ಪ ಕಾಗದದಲ್ಲಿ ಬಹಳ ಚಂದ ಬಂತು.

ಗುರುವಾರ ಮಧ್ಯಾಹ್ನ ಫೋನು. ಹುಡುಗಿ ಅಳುತ್ತಿದ್ದಾಳೆ. ದೇವರ ಎದುರು ಇಟ್ಟ ಕಾಗದಕ್ಕೆ ಭಟ್ಟರು ತೀರ್ಥ ಪ್ರೋಕ್ಷಿಸಿದ್ದಾರೆ. ನೋಡುನೋಡುತ್ತಿದ್ದಂತೆ ಅವಳ ಹೆಸರೂ ಹುಡುಗನ ಹೆಸರೂ ಕರಗಿ ಕೆಂಪಾಗಿ ಹರಿದುಹೋಗಿದೆ. “ದೇವರೇ ಬೇಡ ಅಂದ ಮೇಲೆ ಮುಗಿಯಿತು,” ಎಂದು ಅಜ್ಜ ಮದುವೆ ನಿಲ್ಲಿಸಲು ಹೊರಟಿದ್ದಾರೆ.

ಈ ಮದುವೆ ನಿಂತರೆ ಆ ಹುಡುಗಿಯ ಗತಿ ಏನು? ಅದೇ ಕಾಗದದ ಇನ್ನೊಂದು ಪ್ರತಿಯನ್ನು ಚೀಲಕ್ಕೆ ಹಾಕಿ ರಿಕ್ಷಾ ಹತ್ತಿದೆ.

ಚಾವಡಿಯಲ್ಲಿ ನೆಂಟರೆಲ್ಲ ಸೂತಕದ ಮನೆಯಲ್ಲಿ ಕೂತಂತೆ ಕೂತಿದ್ದರು. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು, ಕಣ್ಣು ಬಾತಿತ್ತು.

“ಅಜ್ಜ, ಇದು ದೇವರು ಮಾಡಿದ್ದಲ್ಲ, ಶಾಯಿ ಮಾಡಿದ್ದು,” ಎಂದೆ. “ನನ್ನ ಪ್ರಿಂಟರಿನ ಬಣ್ಣದ ಶಾಯಿ ನೀರಿಗೆ ನಿಲ್ಲುವುದಿಲ್ಲ.”

“ಶಾಯಿಯ ದೋಷ ಆದ್ರೆ ಎಲ್ಲ ಹೋಗ್ಬೇಕಿತ್ತು. ಇವರಿಬ್ಬರ ಹೆಸರು ಮಾತ್ರ ಹೋದದ್ದು ಎಂತಕ್ಕೆ?”

“ತೀರ್ಥ ಅಲ್ಲಿಗೆ ಮಾತ್ರ ಬಿದ್ದದ್ದು ಅಜ್ಜ.”

“ಅದನ್ನೇ ನಾನು ಹೇಳುವುದು. ಅಲ್ಲಿಗೇ ಯಾಕೆ ಬಿದ್ದದ್ದು?”

ನಾನು ಅಷ್ಟು ಹೊತ್ತು ಹಿಡಿದಿಟ್ಟ ಸಿಟ್ಟು ಮೂಗಿನಿಂದ ಹೊರಗೇ ಬಂತು. ಚೀಲದಿಂದ ಕಾಗದ ತೆಗೆದು ಒಂದು ಹರಿವಾಣದಲ್ಲಿಟ್ಟು, ಕಾಲು ತೊಳೆಯಲು ಇಟ್ಟಿದ್ದ ಚೆಂಬನ್ನು ಎತ್ತಿ ಇಡೀ ನೀರನ್ನು ಅದರ ಮೇಲೆ ಹೊಯ್ದೆ.

ಎಲ್ಲರೂ ಬಗ್ಗಿ ನೋಡಿದರು. ಗಣಪತಿ ಹೋದ. ವಧೂವರರು ಹೋದರು. ಎಲ್ಲಕ್ಕಿಂತ ಮೇಲೆ ದೊಡ್ಡ ಅಕ್ಷರದಲ್ಲಿದ್ದ ಅಜ್ಜನ ಹೆಸರು ಮೆಲ್ಲ ಮೆಲ್ಲ ಕರಗಿ ಹರಿವಾಣದ ಅಂಚಿಗೆ ಹರಿಯಿತು.

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮುಂದೆ ಬಂದು ನೋಡಿದರು. “ನಿಮ್ಮ ಹೆಸರೂ ಹೋಯಿತಲ್ಲ,” ಎಂದರು ಗಂಡನಿಗೆ. “ನಿಮ್ಮ ಲೆಕ್ಕದಲ್ಲಿ ನೋಡಿದ್ರೆ ಉತ್ತರಕ್ರಿಯೆಯ ಕಾಗದವನ್ನೂ ಇವಳ ಹತ್ತಿರವೇ ಮಾಡಿಸುವುದಾ?”

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅಜ್ಜ ಅತ್ತ ದುರುಗುಟ್ಟಿ ನೋಡಿ, ಕನ್ನಡಕ ಹಾಕಿಕೊಂಡು ಹರಿವಾಣದ ಮೇಲೆ ಬಗ್ಗಿದರು. ಸೋಲಲು ಮನಸ್ಸಿಲ್ಲದೆ, ಏನಾದರೂ ಹಿಡಿತ ಸಿಗುತ್ತದೋ ಎಂದು ಹುಡುಕುತ್ತಿದ್ದರು. ಕೆಂಪು ನೀರಿನ ಅಡಿಯಲ್ಲಿ, ನೀರಿಗೆ ಕರಗದ ಕಪ್ಪು ಶಾಯಿಯ ಸಾಲುಗಳು ಏನೂ ಆಗದಂತೆ ಮಲಗಿದ್ದವು. ಅಜ್ಜ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು, “ಮಧ್ಯಾಹ್ನದ ಭೋಜನ ಸ್ವೀಕರಿಸಿಯೇ ತೆರಳಬೇಕಾಗಿ ವಿನಂತಿ.”

ಅಜ್ಜ ಬೆನ್ನು ನೆಟ್ಟಗೆ ಮಾಡಿ, ಒಮ್ಮೆ ಮೊಮ್ಮಗಳನ್ನು ನೋಡಿ, ತೀರ್ಪು ಕೊಡುವವರಂತೆ ಗಂಟಲು ಸರಿ ಮಾಡಿಕೊಂಡರು.

“ದೇವರು ಊಟ ಉಳಿಸಿದ್ದಾರೆ. ಮದುವೆ ಇಲ್ಲದೆ ಊಟ ಹಾಕಿಸ್ಲಿಕ್ಕೆ ಆಗ್ತದಾ? ಎಂತ ನೋಡ್ತಾ ನಿಂತಿದ್ದೀರಿ, ಹೋಗಿ ಅಡುಗೆಯವರಿಗೆ ಹೇಳಿ ಬನ್ನಿ!”