ಸದ್ದಿಲ್ಲದ ಸವಾರಿ

"ಇನ್ಮೇಲೆ ಈ ಗಾಡಿಗೆ ಮೆಕ್ಯಾನಿಕ್ಕು ಅಂತ ಇದ್ದರೆ ಅದು ನಾನೇ. ಬೇರೆ ಯಾರೂ ಕೈ ಹಾಕ್ಬಾರದು. ನೀನೂ ಅಷ್ಟೇ," ಎಂದು ವಾಗೀಶ ಶುಕ್ರವಾರ ಸಂಜೆ ಘೋಷಣೆ ಹೊರಡಿಸಿದ. ಕೇಳಿಸಿಕೊಂಡವಳು ಹೆಂಡತಿ ಅನು ಒಬ್ಬಳೇ, ಅವಳೂ ಸೊಪ್ಪು ಬಿಡಿಸುತ್ತಿದ್ದಳು.

ವಾಗೀಶ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಗಾಡಿಯೆಂದರೆ, ನಜರ್‌ಬಾದ್‌ನ ದೊಡ್ಡಪ್ಪನ ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ಎಷ್ಟೋ ವರ್ಷ ನಿದ್ದೆ ಹೊಡೆದಿದ್ದ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಸೂರಿಲ್ಲ, ಕೂತರೆ ರಸ್ತೆಯ ಮೇಲೇ ಕೂತಂತೆ. ನೋಡಲು ಯುವರಾಜ. ಹೊರಟಿತೆಂದರೆ ಮಾತ್ರ ಹಿಂದುಗಡೆಯಿಂದ ಅಜ್ಜಿ ಎಲೆಅಡಿಕೆ ಕುಟ್ಟುವ ಸದ್ದು.

ಕಾರಣ ಕೀಲುಗಳು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸಲು ಎರಡು ಶಾಫ್ಟುಗಳಿವೆ. ಅವುಗಳ ತುದಿಯ ಕೀಲು, ಗ್ಯಾರೇಜಿನವರು ಕ್ರಾಸ್ ಅನ್ನುತ್ತಾರಲ್ಲ, ಅದು ಸವೆದು ಸಡಿಲವಾಗಿತ್ತು. ಅದರ ಬದಲು ಈಗಿನ ಕಾಲದ ಸಿ.ವಿ. ಜಾಯಿಂಟ್ ಎಂಬ ಕೀಲಿರುವ ಶಾಫ್ಟು ಹಾಕಿದರೆ ಗಾಡಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತದೆಂದು ವಿಡಿಯೋ ನೋಡಿ ನಂಬಿದ್ದ ವಾಗೀಶ, ಹೊಸ ಶಾಫ್ಟುಗಳನ್ನು ತರಿಸಿಯೂ ಬಿಟ್ಟಿದ್ದ.

ಅನು ಸೊಪ್ಪಿನಿಂದ ತಲೆಯೆತ್ತದೆ ಹೇಳಿದಳು: "ಭಾನುವಾರ ಅಪ್ಪ ಬರ್ತಾರೆ. ಅಷ್ಟರೊಳಗೆ ಪೋರ್ಟಿಕೋನಾದ್ರೂ ಖಾಲಿ ಮಾಡಿ ರೀ."

ಅನುವಿನ ಅಪ್ಪ ಮಹದೇವು ನಂಜನಗೂಡಿನಲ್ಲಿ ಬಾಳೆಮಂಡಿ ಇಟ್ಟವರು. ಒಬ್ಬಳೇ ಮಗಳ ಮದುವೆಯನ್ನು ದೊಡ್ಡ ಛತ್ರದಲ್ಲಿ, ಊರಿಗೆಲ್ಲ ಊಟ ಹಾಕಿ ಮಾಡಬೇಕೆಂದು ಕನಸು ಕಟ್ಟಿದ್ದರು. ಇವರಿಬ್ಬರೂ ಹೇಳದೆ ಕೇಳದೆ ರಿಜಿಸ್ಟ್ರಾರ್ ಆಫೀಸಿನಲ್ಲಿ ರುಜು ಹಾಕಿ ಬಂದರು. ಅಂದಿನಿಂದ ದಟ್ಟಗಳ್ಳಿಯ ಈ ಮನೆಯ ಗೇಟು ದಾಟುವುದಿಲ್ಲವೆಂದು ಅವರ ಶಪಥ. ಹಾಗೆಂದು ಮಗಳನ್ನು ನೋಡದೆಯೂ ಇರಲಾರರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು, ಗೇಟಿನಾಚೆಯಿಂದಲೇ ರಸಬಾಳೆ ಕೊಟ್ಟು, ಕಾಫಿಯನ್ನೂ ಅಲ್ಲೇ ನಿಂತು ಕುಡಿದು, ಲೋಟವನ್ನು ಕಾಂಪೌಂಡಿನ ಮೇಲಿಟ್ಟು ಹೊರಡುವರು. ಅಳಿಯನ ಜೊತೆ ನೇರ ಮಾತಿಲ್ಲ. ಅವನು ಎದುರಿಗೇ ನಿಂತಿದ್ದರೂ "ಮೇಷ್ಟ್ರು ಚೆಂದಾಗವ್ರಾ ಅಂತ ಕೇಳಮ್ಮ" ಎನ್ನುವರು. ಅನು ಕೇಳುವಳು. "ಚೆನ್ನಾಗಿದೀನಿ ಅಂತ ಹೇಳು" ಎನ್ನುವನು ವಾಗೀಶ.

ಶನಿವಾರ ಹಳೆಯ ಶಾಫ್ಟುಗಳು ಬಹಳ ಮರ್ಯಾದೆಯಿಂದ ಬಿಚ್ಚಿಕೊಂಡವು. ಆ ಹುಮ್ಮಸ್ಸಿನಲ್ಲಿ ವಾಗೀಶ, ಅಡ್ಡ ಬಂತೆಂದು ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನೂ ಕಳಚಿ ಹಾಕಿದ. ಹೊಸದನ್ನು ಕೂರಿಸಲು ಹೋದಾಗ ಲೆಕ್ಕ ತಪ್ಪಿತು. ಶಾಫ್ಟನ್ನು ಎತ್ತಿ ಹಿಡಿಯಲು ಎರಡು ಕೈ ಬೇಕು, ಬೋಲ್ಟು ತೂರಿಸಲು ಇನ್ನೆರಡು. ವಿಷ್ಣುವಿಗಾದರೆ ಸುಲಭ. ಮೇಷ್ಟ್ರು ಗಾಡಿಯ ಕೆಳಗೆ ಮಲಗಿ ಸಂಜೆಯವರೆಗೂ ಗುದ್ದಾಡಿದರು. ಹಿಡಿದುಕೊಳ್ಳಲೇ ಎಂದು ಅನು ಎರಡು ಸಲ ಬಂದು ಕೇಳಿದಳು. ಶುಕ್ರವಾರದ ಘೋಷಣೆ ನೆನಪಾಗಿ, ಮುಖದ ತುಂಬ ಗ್ರೀಸು ಬಳಿದುಕೊಂಡಿದ್ದ ವಾಗೀಶ ಬೇಡವೆಂದ.

ಭಾನುವಾರ ಬೆಳಗ್ಗೆ ಪೋರ್ಟಿಕೋ ಗುಡಿಸಬೇಕಾಗಿ ಬಂದದ್ದರಿಂದ ಗಾಡಿಯನ್ನು ಜಾಕಿನಿಂದ ಇಳಿಸಿ, ಗೇಟಿನಾಚೆಯ ಇಳಿಜಾರಿಗೆ ತಳ್ಳಿ, ರಸ್ತೆಗೆ ಮೂತಿ ಮಾಡಿ ನಿಲ್ಲಿಸಿದ. ಗೇರಿನಲ್ಲಿ ಬಿಟ್ಟರೆ ನಿಲ್ಲುವುದು ಶಾಫ್ಟು ಇರುವ ಗಾಡಿ. ಶಾಫ್ಟೂ ಹ್ಯಾಂಡ್‌ಬ್ರೇಕೂ ಇಲ್ಲದ ಇದಕ್ಕೆ ಒಂದು ಇಟ್ಟಿಗೆಯೇ ಗತಿ. ಮುಂದಿನ ಚಕ್ರಕ್ಕೆ ಅದನ್ನು ಕೊಟ್ಟ.

ಅಷ್ಟರಲ್ಲೇ ಮಹದೇವು ಬಂದರು. ಅನು ಕಾಫಿಗೆಂದು ಒಳಗೋಡಿದಳು. ಗೇಟಿನ ಬಳಿ ಮಾವ, ಅಳಿಯ ಇಬ್ಬರೇ ಉಳಿದರು, ನಡುವೆ ದುಭಾಷಿಯಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಮುಂಜಾನೆಯೇ ಎದ್ದು ಬಸ್ಸಿನಲ್ಲಿ ಬಂದ ಮನುಷ್ಯ ಬೆವರು ಒರೆಸಿಕೊಳ್ಳುತ್ತ ನಿಂತಿರುವುದನ್ನು ನೋಡಲಾರದೆ ವಾಗೀಶ ಹೇಳಿಬಿಟ್ಟ: "ಮಾವ, ಒಳಗೆ ಬರೋದು ಬೇಡ. ಕಾರಲ್ಲಾದ್ರೂ ಕೂತ್ಕೊಳ್ಳಿ. ಇದೂ ಗೇಟಿನಾಚೆಗೇ ಇದೆ."

ಮಹದೇವು ಯೋಚಿಸಿದರು. ಶಪಥದಲ್ಲಿ ಕಾರಿನ ಮಾತು ಬಂದಿರಲಿಲ್ಲ. ಬಾಗಿಲ ಬಳಿ ಕಾಲಿಗೆ ಸಿಕ್ಕಿದ ಇಟ್ಟಿಗೆಯನ್ನು ಅಚ್ಚುಕಟ್ಟಾಗಿ ಪಕ್ಕಕ್ಕೆ ಸರಿಸಿ, ಮಂಡಿ ಎದೆಗೆ ಬರುವಂತೆ ಮುದುರಿ ಕೂತರು. ಅದನ್ನು ಕಾಣದ ವಾಗೀಶ ಆಚೆ ಕಡೆಯಿಂದ ಬಂದು ಸ್ಟೇರಿಂಗಿನ ಮುಂದೆ ಕೂತ. ಗಾಡಿ ಮೆಲ್ಲಗೆ ಹೊರಟಿತು.

ವಾಗೀಶನ ಕಾಲು ಬ್ರೇಕಿನ ಮೇಲೆ ಹೋಯಿತು. ಕಾಲಿನ ಬ್ರೇಕು ಗಟ್ಟಿಯಾಗಿಯೇ ಇತ್ತು. ಒತ್ತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಹದೇವು ಅವನ ಕಡೆ ತಿರುಗಿದರು. ನೇರವಾಗಿ ಅವನಿಗೇ ಹೇಳಿದರು: "ಹೋದ್ಸಲ ಏನ್ ಲೊಟಲೊಟ ಅನ್ನದು. ಈಗ ಸದ್ದೇ ಇಲ್ವಲ್ಲ ಅಳಿಯಂದ್ರೇ. ಪಸಂದಾಗಿ ಮಾಡ್ಬುಟ್ಟಿದ್ದೀರ."

ಕಾಲು ಬ್ರೇಕಿನಿಂದ ತಾನಾಗಿ ಮೇಲೆದ್ದಿತು.

ಎಂಜಿನ್ನೇ ಶುರುವಾಗದ ಗಾಡಿಗೆ ಸದ್ದೆಲ್ಲಿಂದ ಬರಬೇಕು! ರಿಪೇರಿಯಾದ ಗಾಡಿ ಈಗಿನ ಬ್ಯಾಟರಿ ಗಾಡಿಗಳಂತೆ ಸದ್ದಿಲ್ಲದೆ ಹೋಗುತ್ತದೆಂದು ಮಹದೇವು ತಿಳಿದಿರಬೇಕು. ಸೀಟಿಗೆ ಒರಗಿ, ಗಾಳಿಗೆ ಮುಖ ಕೊಟ್ಟು, ಮಾತಿಗೆ ಶುರು ಮಾಡಿದರು. ಮಂಡಿಯ ವ್ಯಾಪಾರ, ಈ ವರ್ಷದ ಬಾಳೆ, ಮನೆಯಾಕೆಯ ಮಂಡಿನೋವು, ಎಲ್ಲ ಬಂತು. ಪಾರ್ಕಿನ ತಿರುವು ದಾಟುವಾಗ ದನಿ ತಗ್ಗಿತು.

"ಮದ್ವೆಗೆ ಬಾಡೂಟನಾ, ಸಿಹಿಯೂಟನಾ ಅಂತ ನಾನೂ ನಮ್ಮನೆಯೋಳೂ ವರ್ಷ ಪೂರ್ತಿ ಜಗಳ ಆಡಿದ್ದೋ ಕಣಪ್ಪ. ಕೊನೆಗೆ ಎರಡೂ ಇಲ್ದಂಗಾಯ್ತು."

ವಾಗೀಶ ಕಾಲನ್ನು ಬ್ರೇಕಿನಿಂದ ಇನ್ನಷ್ಟು ದೂರ ಸರಿಸಿದ. ಈ ಇಳಿಜಾರು ನಂಜನಗೂಡಿನವರೆಗೂ ಇರಬಾರದೇ ಎನಿಸಿತು.

ಇಳಿಜಾರು ಮೋರಿಯ ಹತ್ತಿರ ಮುಗಿಯಿತು. ಗಾಡಿ ನಿಂತಿತು. ಮಹದೇವು ಆಗಲೇ ಹುರುಪಿನಲ್ಲಿದ್ದರು. ಒಂಟಿಕೊಪ್ಪಲಿನಲ್ಲಿರುವ ತಂಗಿ ಶಿವನಂಜಮ್ಮನ ಮನೆಗೆ ಹಾಗೇ ಹೋಗಿಬಿಡೋಣವೆಂದರು. ಅಳಿಯ ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಬಂದನೆಂದು ಅವಳೂ ನೋಡಲಿ. ವಾಗೀಶನ ಬಾಯಿಂದ, ಪೆಟ್ರೋಲು ಮುಗಿದಿರಬೇಕು ಎಂಬ ಮಾತು ಬಿದ್ದುಹೋಯಿತು. ಅವನು ಬೇಡಬೇಡವೆಂದರೂ ಕೇಳದೆ, ಮಹದೇವು ಪಂಚೆ ಎತ್ತಿಕಟ್ಟಿ ತಾವೇ ಹೊರಟರು. ಬಂಕಿನವನು ಬಾಟಲಿಗೆ ಹಾಕಲಾರೆ ಎಂದನಂತೆ. ಯಾರೋ ಬೈಕಿನವನಿಗೆ ದಮ್ಮಯ್ಯ ಹಾಕಿ, ಅವನ ಟ್ಯಾಂಕಿನಿಂದ ಬಾಟಲಿಗೆ ಇಳಿಸಿಕೊಂಡು, ಬೆವರಿನಲ್ಲಿ ತೊಯ್ದು ವಾಪಸು ಬಂದರು. ವಾಗೀಶನಿಗೆ ಮೋರಿಗೆ ಹಾರುವುದೊಂದೇ ದಾರಿ ಎನಿಸಿತು.

ಪೆಟ್ರೋಲು ಸುರಿದದ್ದಾಯಿತು, ಕೀಲಿ ತಿರುಗಿಸಿದ್ದಾಯಿತು. ಎಂಜಿನ್ನು ಹುಲಿಯಂತೆ ಗರ್ಜಿಸಿತು. ಮಹದೇವು ಬೆಚ್ಚಿದರು, ಇಷ್ಟು ಹೊತ್ತು ಇಲ್ಲದ ಸದ್ದು ಇದೆಲ್ಲಿಂದ ಬಂತು? ವಾಗೀಶ ಒಂದನೇ ಗೇರು ಹಾಕಿದ, ಎರಡನೆಯದು ಹಾಕಿದ, ಇದ್ದಬದ್ದ ಗೇರೆಲ್ಲ ಹಾಕಿದ. ಗರ್ಜನೆಗೇನೂ ಕಡಿಮೆಯಿಲ್ಲ. ಚಕ್ರ ಮಾತ್ರ ಕದಲಲಿಲ್ಲ.

ಆಗ ಅನುವಿನ ಸ್ಕೂಟರು ಬಂದು ನಿಂತಿತು. ಅವಳ ಕಾಲ ಬಳಿ ನ್ಯೂಸ್‌ಪೇಪರು ಸುತ್ತಿದ ಒಂದು ಹೊಸ ಶಾಫ್ಟು.

"ರೀ, ಇದು ಪೋರ್ಟಿಕೋದಲ್ಲೇ ಬಿದ್ದಿತ್ತು. ಇದಿಲ್ದೆ ಗಾಡಿ ಹೇಗೆ ಓಡಿಸ್ತಿದೀರ ಅಂತ ನೋಡೋಕೆ ಬಂದೆ."

ಮಹದೇವು ಶಾಫ್ಟನ್ನು ನೋಡಿದರು. ಬಂದ ದಾರಿಯನ್ನು ನೋಡಿದರು. ಕೈಯಲ್ಲಿದ್ದ ಖಾಲಿ ಬಾಟಲಿಯನ್ನೂ ನೋಡಿದರು.

"ಅಂಗಾರೆ ನಾವು ಬಂದಿದ್ದು?"

"ಇಳಿಜಾರು, ಮಾವ."

"ಬ್ರೇಕ್ ಇರ್ನಿಲ್ವಾ?"

"ಇತ್ತು."

"ಮತ್ತೆ ಯಾಕಪ್ಪ ಹಾಕ್ನಿಲ್ಲ?"

ವಾಗೀಶ ಸ್ಟೇರಿಂಗ್ ನೋಡುತ್ತ ಹೇಳಿದ: "ನೀವು ಮಾತಾಡ್ತಿದ್ರಿ."

ಮಹದೇವು ಖಾಲಿ ಬಾಟಲಿಯನ್ನು ಸೀಟಿನ ಕೆಳಗೆ ಸಿಕ್ಕಿಸಿದರು. ಆಮೇಲೆ ಪಂಚೆಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿ, ಗಾಡಿಯ ಹಿಂದೆ ಹೋಗಿ ಎರಡೂ ಕೈ ಕೊಟ್ಟರು. "ಬಾ, ನೂಕು. ಅನು, ನೀನು ಕೂತ್ಕಳವ್ವ."

ಅನು ಸ್ಕೂಟರನ್ನು ಅಲ್ಲೇ ಬೀಗ ಹಾಕಿ ನಿಲ್ಲಿಸಿ, ಶಾಫ್ಟನ್ನು ಪಕ್ಕದ ಸೀಟಿನಲ್ಲಿಟ್ಟು ಮಹಾರಾಣಿಯಂತೆ ಸ್ಟೇರಿಂಗ್ ಹಿಡಿದಳು. ಗಂಡಸರಿಬ್ಬರೂ ಏದುಸಿರು ಬಿಡುತ್ತ ತಳ್ಳಿದರು. ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದವರು ನಿಂತು ಸಲಹೆ ಕೊಟ್ಟರು, ಕೈ ಕೊಡಲಿಲ್ಲ. ಮನೆಯ ಮುಂದಿನ ಏರಿನಲ್ಲಿ ನಿಂತರೆ ಗಾಡಿ ಮತ್ತೆ ಮೋರಿಗೇ ಹೋಗುತ್ತದೆಂದು ಇಬ್ಬರೂ ಕಣ್ಣುಮುಚ್ಚಿ ಒಂದೇ ಉಸಿರಿಗೆ ನೂಕಿದರು. ಅನು ಬ್ರೇಕು ಒತ್ತಿದಾಗ ಮಹದೇವು ತಲೆಯೆತ್ತಿದರು. ತಲೆಯ ಮೇಲೆ ಪೋರ್ಟಿಕೋ ಇತ್ತು. ಗೇಟು ಹಿಂದೆ ಉಳಿದಿತ್ತು.

ಅನು ಬ್ರೇಕಿನಿಂದ ಕಾಲು ತೆಗೆಯದೆ ಕೂತೇ ಇದ್ದಳು. ಮಹದೇವು ಗೇಟನ್ನೊಮ್ಮೆ, ಧೂಳು, ಗ್ರೀಸು ಮೆತ್ತಿದ ತಮ್ಮ ಕೈಗಳನ್ನೊಮ್ಮೆ ನೋಡಿಕೊಂಡರು.

"ಸೋಪು ಎಲ್ ಮಡಗಿದ್ದೀಯವ್ವ?" ಎಂದು ಕೇಳುತ್ತ ಒಳಗೆ ನಡೆದರು.

ಅನು ಹೋಗಿ ಸ್ಕೂಟರು ತಂದಳು. ಊಟವಾದ ಮೇಲೆ ಮಹದೇವು ಅಳಿಯನ ಹಳೆಯ ಲುಂಗಿ ಉಟ್ಟು ಗಾಡಿಯ ಕೆಳಗೆ ಮಲಗಿ ಶಾಫ್ಟು ಹಿಡಿದರು, ವಾಗೀಶ ಬೋಲ್ಟು ಹಾಕಿದ, ಹೊರಗೆ ಕೂತ ಅನು ಸ್ಪ್ಯಾನರು ಕೊಟ್ಟಳು. ನಾಲ್ಕು ಕೈಗೆ ಕೆಲಸ ಸರಾಗವಾಗಿ ಸಾಗಿತು. ಸಂಜೆಗೆ ಹ್ಯಾಂಡ್‌ಬ್ರೇಕೂ ಜೋಡಣೆಯಾಯಿತು. ವಾಗೀಶ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾವನನ್ನು ಒಂಟಿಕೊಪ್ಪಲಿಗೆ ಕರೆದೊಯ್ಯಲು ಠೀವಿಯಿಂದ ಹೊರಬಂದ. ಮಾವ ಆಗಲೇ ಗಾಡಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಕೀಲಿ ಹಿಡಿದ ಅನು ಕೂತಿದ್ದಳು. ಮೂರನೆಯ ಸೀಟು ಇರಲಿಲ್ಲ.

ವಾಗೀಶ ಅನುವಿನ ಗುಲಾಬಿ ಹೆಲ್ಮೆಟ್ಟು ತಲೆಗೇರಿಸಿ, ಶಿವನಂಜಮ್ಮನಿಗೆ ಕೊಂಡ ಮಲ್ಲಿಗೆಯ ಕವರನ್ನು ಹ್ಯಾಂಡಲಿಗೆ ತೂಗುಹಾಕಿ, ಸ್ಕೂಟರಿನಲ್ಲಿ ಹಿಂಬಾಲಿಸಿದ. ಮುಂದೆ ಅಪ್ಪ, ಮಗಳು ಗಾಳಿಗೆ ಕೂದಲು ಕೆದರಿಕೊಂಡು, ಕೈಯಾಡಿಸಿಕೊಂಡು ಒಂದೇ ಸಮನೆ ಮಾತಾಡುತ್ತಿದ್ದರು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬೈಕಿನವನೊಬ್ಬ ಕೆಂಪು ಗಾಡಿಯಿಂದ ಕಣ್ಣು ಕೀಳದೆ ಕೇಳಿದ: "ಯಾರ್ದು ಸಾರ್ ಗಾಡಿ? ಸಖತ್ತಾಗಿದೆ."

ವಾಗೀಶ ಗುಲಾಬಿ ಹೆಲ್ಮೆಟ್ಟನ್ನು ಸರಿಮಾಡಿಕೊಂಡ.

"ನಮ್ಮ ಮಾವಂದು," ಎಂದ.