ಸೀಟು ಸಿಕ್ಕವಳ ಸಂಕಟ

ಕಾಲೇಜಿನಿಂದ ಸಿಡುಕಿಗೆ ಬಂದ ಪತ್ರದ ಮೊದಲ ಸಾಲು ಅವಳಿದ್ದ ಮೂರು ಮಹಡಿಯ ಕಟ್ಟಡದವರಿಗೆಲ್ಲ ಬಾಯಿಪಾಠವಾಗಿತ್ತು: ‘ನಿಮಗೆ ಪ್ರವೇಶ ನೀಡಲಾಗಿದೆ.’ ಕೊನೆಯ ಸಾಲನ್ನು ಓದಿದವಳು ಸಿಡುಕಿ ಒಬ್ಬಳೇ. ಶಾಲೆಯ ಅಂತಿಮ ಪರೀಕ್ಷೆಯಲ್ಲಿ ಯಾವುದೇ ವಿಷಯದಲ್ಲಿ ಎಪ್ಪತ್ತಕ್ಕಿಂತ ಕೆಳಗಿಳಿದರೆ ಪ್ರವೇಶ ರದ್ದು. ಕಳೆದ ಸಲ ರಸಾಯನಶಾಸ್ತ್ರದಲ್ಲಿ ಬಂದದ್ದು ಐವತ್ತೆಂಟು. ಆ ವಿಷಯದ ಪರೀಕ್ಷೆ ಇವತ್ತೇ, ಮಧ್ಯಾಹ್ನ ಎರಡಕ್ಕೆ.

ಅವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಸಿಡುಕಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

“ಸೀಟು ಸಿಕ್ಕಾಯ್ತಲ್ಲೇ, ಇನ್ನೇನು ಓದೋದು? ಆ ಬಟ್ಟೆ ಮಡಚಿಡು,” ಎಂದು ಹೇಳಿ ಅಮ್ಮ ಕೆಲಸಕ್ಕೆ ಹೊರಟಳು.

ಪುಸ್ತಕ ತೆರೆದಳೋ ಇಲ್ಲವೋ, ಕೆಳಮನೆಯ ಟೈಲರ್ ಆಂಟಿ ಟೇಪು ಹಿಡಿದು ಬಂದರು. “ಕಾಲೇಜಿಗೆ ಹಳೇ ಬಟ್ಟೆ ಹಾಕ್ಕೊಂಡು ಹೋಗ್ತೀಯಾ? ಕೈ ಎತ್ತು.” ಸಿಡುಕಿ ಒಂದು ಕೈ ಮೇಲೆತ್ತಿ, ಇನ್ನೊಂದರಲ್ಲಿ ಪುಸ್ತಕ ಹಿಡಿದು, ಬಸ್ಸಿನಲ್ಲಿ ನೇತಾಡುವವಳಂತೆ ನಿಂತು ಆಮ್ಲಗಳನ್ನು ಓದಿದಳು.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಹೆಡ್ ಕ್ಲರ್ಕ್ ನೋಟ್‌ಬುಕ್ಕಿನೊಡನೆ ಕುರ್ಚಿ ಎಳೆದು ಕೂತರು. “ಕಟ್ಟಡದ ಸಂಘದ ಪತ್ರಿಕೆಗೆ ಬರೀತಿದ್ದೀನಮ್ಮ. ನಿನ್ನ ಯಶಸ್ಸಿನ ಗುಟ್ಟೇನು?”

“ಗುಟ್ಟೂ ಇಲ್ಲ, ಮಣ್ಣೂ ಇಲ್ಲ ಅಂಕಲ್. ದಯವಿಟ್ಟು ಹೋಗಿ!”

‘ಬಹಳ ವಿನಯದ ಹುಡುಗಿ’ ಎಂದು ಬರೆದುಕೊಂಡು ಅವರು ಪುಟ ತಿರುವಿದರು. “ಸರಿ, ಬಾಲ್ಯದಿಂದ ಶುರು ಮಾಡೋಣ.”

ಗಂಟೆ ಹನ್ನೊಂದೂವರೆ. ಸಿಡುಕಿಯ ನೆತ್ತಿ ಕಾದ ಹೆಂಚಾಯಿತು. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಕಿರುಚಿದಳು: “ಸೀಟು ಹೋಯ್ತು! ಕಾಲೇಜಿನವರೇ ಕಿತ್ಕೊಂಡ್ರು! ಈಗ ಸಮಾಧಾನ ಆಯ್ತಾ?”

ಟೇಪು ಸುತ್ತಿಕೊಂಡಿತು, ನೋಟ್‌ಬುಕ್ಕು ಮುಚ್ಚಿತು. ಇಬ್ಬರೂ ತುದಿಗಾಲಲ್ಲಿ ಹೊರಗೆ ಹೋಗಿ ಬಾಗಿಲನ್ನೂ ಎಳೆದುಕೊಂಡರು. ಆ ಸುಳ್ಳಿನ ಪುಣ್ಯದಿಂದ ಎರಡು ಗಂಟೆ ಹೊತ್ತು ನೊಣವೂ ಒಳಗೆ ಬರಲಿಲ್ಲ. ಓದಿದ್ದೇ ಪರೀಕ್ಷೆಯಲ್ಲಿ ಬಂತು. ಹೆಚ್ಚುವರಿ ಹಾಳೆ ಎರಡು ಸಲ ಕೇಳಿ ಪಡೆದಳು.

ಸಂಜೆ ಮೆಟ್ಟಿಲೇರುವಾಗ ಅವಳಿಗೆ ಯಾರ ಮೇಲೂ ಕೋಪವಿರಲಿಲ್ಲ. ಬಾಗಿಲಲ್ಲಿ ಅಮ್ಮ ಮುಖ ಊದಿಸಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಹೆಡ್ ಕ್ಲರ್ಕ್, ಯುದ್ಧ ಗೆದ್ದು ಬಂದವರಂತೆ.

“ಚಿಂತೆ ಬಿಡಮ್ಮ, ನಾನೇ ಕಾಲೇಜಿಗೆ ಹೋಗಿದ್ದೆ. ಅದು ಹೇಗೆ ಸೀಟು ಕಿತ್ಕೊಂಡ್ರಿ ಅಂತ ಪ್ರಿನ್ಸಿಪಾಲರನ್ನೇ ಕೇಳ್ದೆ. ನಾವೆಲ್ಲಿ ಕಿತ್ಕೊಂಡ್ವಿ ಅಂದ್ರು. ಹಾಗಿದ್ರೆ ಹುಡುಗಿ ಯಾಕೆ ಅಷ್ಟು ಕಿರುಚಾಡಿದ್ಲು, ಮಾರ್ಕ್ಸ್ ಪೂರ್ತಿ ನೆಲ ಕಚ್ಚಿರಬೇಕು ಅಂದೆ. ಅವರು ತಕ್ಷಣ ನಿನ್ನ ಫೈಲು ತೆಗೆಸಿದ್ರು.”

“ಅಯ್ಯೋ! ನಿಮಗ್ಯಾರು ಹೇಳಿದ್ರು ಹೋಗಿ ಅಂತ?”

“ಹೇಳೋದೇನು, ಕರ್ತವ್ಯ ಅಲ್ವಾ? ಸೀಟು ತಡೆಹಿಡಿದಿದ್ದಾರೆ ಅಷ್ಟೆ. ಸೋಮವಾರ ಅವರೇ ಆರೂ ವಿಷಯಕ್ಕೆ ಪರೀಕ್ಷೆ ಇಡ್ತಾರಂತೆ. ಅದಕ್ಕೆ ಒಪ್ಸೋಕೇ ನನಗೆ ಸಾಕುಸಾಕಾಯ್ತು.”

“ಇವತ್ತು ನಾನು ಚೆನ್ನಾಗಿ ಬರೆದಿದ್ದೀನಿ!”

“ನೀನು ಹಾಗೆ ಅಂತೀಯ ಅಂತಲೂ ಹೇಳಿದೆ. ಅವರು ನಂಬಲಿಲ್ಲ.”

ಒಳಗೆ ಮೇಜು ಕೋಣೆಯ ನಡುವಿಗೆ ಬಂದಿತ್ತು. ಸುತ್ತ ನಾಲ್ಕು ಕುರ್ಚಿ. ಒಂದರಲ್ಲಿ ಟೈಲರ್ ಆಂಟಿ ಗಣಿತದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೂತಿದ್ದರು. “ಇನ್ನು ನಿನ್ನನ್ನ ಒಬ್ಬಳನ್ನೇ ಬಿಡೋ ಮಾತೇ ಇಲ್ಲ ಕಣೇ. ಸರದಿ ಹಾಕ್ಕೊಂಡಿದ್ದೀವಿ.”

ಸಿಡುಕಿ ಹಲ್ಲು ಕಡಿದಳು, ಮುಷ್ಟಿ ಬಿಗಿದಳು, ಕೂಗಲು ಬಾಯಿ ತೆರೆದಳು.

“ಶ್!” ಎಂದರು ಹೆಡ್ ಕ್ಲರ್ಕ್, ಕನ್ನಡಕ ಏರಿಸುತ್ತ. “ಓದೋ ಹೊತ್ತಲ್ಲಿ ಗಲಾಟೆ ಮಾಡ್ಬಾರ್ದು.”